ಲಾವಾ ಮುಗಿಯುವ ಕಡೆಗೊಂದು ಪ್ರಯಾಣ

ಪುಣೆಯಲ್ಲಿ ಕಲ್ಲಿಗೆ ಬರವಿಲ್ಲ. ಸಿಂಹಗಡ ಹತ್ತಿದರೂ ಕರಿಕಲ್ಲು, ಪರ್ವತಿಯ ಮೆಟ್ಟಿಲೂ ಕರಿಕಲ್ಲು, ಪಕ್ಕದ ಬಿಲ್ಡಿಂಗಿನ ಪಾಯ ತೋಡುವಾಗ ಬ್ರೇಕರ್‌ನವರು ಬೈದುಕೊಂಡು ಒಡೆಯುವುದೂ ಅದೇ ಕರಿಕಲ್ಲು. ಆದರೆ ಇಷ್ಟೊಂದು ಕಲ್ಲಿನಲ್ಲಿ ಸಮುದ್ರದ ಒಂದೇ ಒಂದು ಚಿಪ್ಪು ಸಿಗುವುದಿಲ್ಲ. ಸಿಗಲು ಸಾಧ್ಯವೂ ಇಲ್ಲ. ಇದೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ. ಸವೆದು ಕರಗಿದ್ದೆಲ್ಲ ಹೋಗಿ ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಉಳಿದಿದೆ. ಮುಂಬೈ, ನಾಸಿಕ್, ಔರಂಗಾಬಾದ್ ಎಲ್ಲ ಅದರ ಮೇಲೆಯೇ ಇವೆ. ನಮ್ಮ ಕಡೆ ಬೆಳಗಾವಿ, ವಿಜಯಪುರ, ಬೀದರ್‌ವರೆಗೂ ಅದು ಬಂದಿದೆ. ಗೋಳಗುಮ್ಮಟದ ಗೋಡೆಗೆ ಕೈಯಿಟ್ಟರೆ ನೀವು ಮುಟ್ಟುವುದು ಇದೇ ಬಸಾಲ್ಟನ್ನು.

ಪುಣೆಯ ಕಲ್ಲುಪ್ರಿಯರಿಗೆ ಇದರಿಂದ ಬೇಸರವೇನಿಲ್ಲ. ಅವರಿಗೆ ಝಿಯೋಲೈಟ್ ಇದೆ. ಲಾವಾ ಆರುವಾಗ ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳಲ್ಲಿ ಆಮೇಲೆ ನೀರು ಇಳಿದು, ನಿಧಾನಕ್ಕೆ ಹರಳು ಕಟ್ಟಿದೆ. ಸ್ಟಿಲ್ಬೈಟ್, ಹ್ಯೂಲಾಂಡೈಟ್, ಜೊತೆಗೆ ಅಪೋಫಿಲೈಟ್. ನಗರದ ಪಕ್ಕದ ವಾಘೋಲಿಯ ಕ್ವಾರಿಯಲ್ಲಿ ಸಿಗುವ ಕ್ಯಾವನ್ಸೈಟ್ ಎಂಬ ಕಡುನೀಲಿ ಹರಳಿಗೆ ಪ್ರಪಂಚದ ಮ್ಯೂಸಿಯಮ್ಮುಗಳಲ್ಲಿ ಜಾಗವಿದೆ. ಚಂದವೇನೋ ಹೌದು. ಆದರೆ ನನಗ್ಯಾಕೋ ಹರಳು ಹಿಡಿಸಲಿಲ್ಲ. ಅದರೊಳಗೆ ಯಾರೂ ಬದುಕಿರಲಿಲ್ಲ. ಒಂದು ಜೀವ ಉಂಡು, ಬೆಳೆದು, ಸತ್ತು, ಬಿಟ್ಟುಹೋದ ಮನೆ ಕೈಗೆ ಸಿಗಬೇಕು ಅನ್ನುವುದು ನನ್ನ ಆಸೆ.

ಮುಂಬೈಯಲ್ಲಿ ಪಳೆಯುಳಿಕೆ ಇದೆಯಲ್ಲ ಎಂದು ಗೆಳೆಯರೊಬ್ಬರು ನೆನಪಿಸಿದರು. ನಿಜ, ಇದೆ. ವರಳಿಯಲ್ಲಿ ಎರಡು ಲಾವಾ ಪದರಗಳ ನಡುವೆ ಸಿಕ್ಕ ಪುಟಾಣಿ ಕಪ್ಪೆಗಳನ್ನು ಲಂಡನ್ನಿನ ರಿಚರ್ಡ್ ಓವನ್ 1847ರಲ್ಲೇ ವರ್ಣಿಸಿದ್ದಾರೆ. ಡೈನೋಸಾರ್ ಎಂಬ ಹೆಸರು ಕೊಟ್ಟವರೂ ಅವರೇ. ಒಂದು ಲಾವಾ ಹರಿದು ತಣ್ಣಗಾಗಿ, ಮುಂದಿನದು ಬರುವ ತನಕ ಅಲ್ಲೊಂದು ಕೆರೆ ನಿಂತಿತ್ತು. ಕೆರೆಯಲ್ಲಿ ಕಪ್ಪೆಗಳಿದ್ದವು, ಆಮೆಯಿತ್ತು. ಇವತ್ತು ಮೂರು ಕಡೆ ಸಮುದ್ರ ಇರುವ ಊರಿನ ಹಳೆಯ ಕಥೆ ಸಿಹಿನೀರಿನದ್ದು. ಉಪ್ಪುನೀರು ಹುಡುಕುವವನಿಗೆ ಅದರಿಂದ ಉಪಯೋಗವಿಲ್ಲ.

ಇನ್ನು ನಮ್ಮ ಊರ ಕಡೆಯಾದರೂ ಸಿಗಬೇಕಲ್ವಾ? ಈ ಪ್ರಶ್ನೆ ಎತ್ತಿದವರು ನನ್ನ ಕಾಕಾ. ಬಾಗಲಕೋಟೆಯವರು, ಓವರ್‌ಸಿಯರ್ ಆಗಿ ರಿಟೈರ್ ಆದವರು. ಈಗ ವರ್ಷದಲ್ಲಿ ಅರ್ಧ ನಮ್ಮ ಜೊತೆ ಪುಣೆಯಲ್ಲೇ ಇರುತ್ತಾರೆ. ಬಾಲ್ಕನಿಯ ಶಹಾಬಾದ್ ಫರಸಿಯ ಮೇಲೆ ಕೂತು ಚಹಾ ಕುಡಿಯುತ್ತಾ ಅವರು ಹೇಳಿದ್ದು ಇಷ್ಟು: “ಅಲ್ಲೋ ತಮ್ಮಾ, ಸುಣ್ಣದ ಕಲ್ಲು ಅಂದ್ರ ಸಮುದ್ರದ್ದು. ಸಮುದ್ರ ಅಂದ್ರ ಶಂಖ ಇರಲಿಕ್ಕೇ ಬೇಕು. ಇಡೀ ಸರ್ವಿಸಿನಾಗ ಲಾರಿಗಟ್ಟಲೆ ಫರಸಿ ಹಾಸಿಸೇನಿ. ಒಂದರಾಗೂ ಒಂದು ಚಿಪ್ಪು ಕಂಡಿಲ್ಲ ನೋಡು. ಯಾಕ?”

ಇದು ಸಣ್ಣ ಪ್ರಶ್ನೆಯಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ ಬರುವ ಈ ಕಲ್ಲು ಕರ್ನಾಟಕ, ಮಹಾರಾಷ್ಟ್ರದ ಲೆಕ್ಕವಿಲ್ಲದಷ್ಟು ಮನೆಗಳ ನೆಲದಲ್ಲಿದೆ. ಕಾಕಾ ಹೇಳಿದಂತೆ ಅದು ಸಮುದ್ರದ ತಳದ ಸುಣ್ಣವೇ. ಆದರೆ ಆ ಸಮುದ್ರಕ್ಕೆ ಚಿಪ್ಪು ಕಟ್ಟುವ ಪ್ರಾಣಿ ಇನ್ನೂ ಗೊತ್ತಿರಲಿಲ್ಲ. ಗಟ್ಟಿ ಚಿಪ್ಪಿನ ಜೀವಿಗಳು ಎಲ್ಲೆಡೆ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳ ಈಚೆಗೆ. ಭೀಮಾ ತೀರದ ಕಲ್ಲು ಅದಕ್ಕಿಂತ ಹಳೆಯದು. ಬಾಗಲಕೋಟೆಯ ಸುತ್ತಲಿನ ಕಲಾದಗಿ ಕಲ್ಲುಗಳು ಇನ್ನೂ ಹಳೆಯವು. ಅಲ್ಲಿನ ಸುಣ್ಣದ ಕಲ್ಲಿನಲ್ಲಿ ಸ್ಟ್ರೋಮಟೋಲೈಟ್ ಸಿಗುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿಕೊಂಡು ಹೋದ ಉಬ್ಬುಗಳು ಅವು. ಅಷ್ಟೇ. ಶಂಖವಿಲ್ಲ, ಸಿಂಪಿಯಿಲ್ಲ.

ಅಂದರೆ ಊರಿನ ಕಲ್ಲು ತೀರಾ ಹಳೆಯದು, ಪುಣೆಯ ಕಲ್ಲು ಬೆಂಕಿಯದು. ಎರಡರಲ್ಲೂ ಚಿಪ್ಪಿಲ್ಲ, ಎರಡಕ್ಕೂ ಬೇರೆ ಬೇರೆ ಕಾರಣ. ಕಾಕಾಗೆ ಈ ಉತ್ತರ ಬಹಳ ಹಿಡಿಸಿತು. “ಹಂಗಾದ್ರ ಇರೋ ಕಡೆ ಹೋಗೋಣ” ಅಂದರು.

ಇರುವ ಕಡೆ ಅಂದರೆ ಎಲ್ಲಿ? ಬೆಂಗಳೂರಿನವರಾದರೆ ಕಣ್ಮುಚ್ಚಿ ತಮಿಳುನಾಡಿನ ಅರಿಯಲೂರು ಕಡೆ ಹೋಗಬಹುದು. ಪುಣೆಯಿಂದ ಕಛ್ ಇದೆ, ಆದರೆ ಕಾಕಾನ ಮೊಣಕಾಲಿಗೆ ಅಷ್ಟು ದೂರ ಬೇಡವೆಂದು ಅದನ್ನು ಬಿಟ್ಟೆವು. ನಕ್ಷೆಯಲ್ಲಿ ಲಾವಾದ ಉತ್ತರದ ಅಂಚು ಹುಡುಕಿದೆ. ನರ್ಮದಾ ಕಣಿವೆಯಲ್ಲಿ ಆ ಲಾವಾ ಸವೆದು ಕಿತ್ತುಹೋಗಿ, ಅಡಿಯಲ್ಲಿದ್ದದ್ದು ಹೊರಗೆ ಬಂದಿದೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಬಾಗ್ ಎಂಬ ಊರಿನ ಸುತ್ತ ಸಮುದ್ರದ ಪದರಗಳಿವೆ. ಗುಹೆಗಳ ಬಾಗ್, ಬಟ್ಟೆ ಪ್ರಿಂಟಿನ ಬಾಗ್, ಅದೇ ಊರು.

ದಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಾಕಣ್ ದಾಟುವಷ್ಟರಲ್ಲಿ ಅರ್ಧ ತಾಳ್ಮೆ ಹೋಗಿತ್ತು. ನಾರಾಯಣಗಾವ್, ಸಂಗಮನೇರ್, ಸಿನ್ನರ್, ನಾಸಿಕ್. ಆಮೇಲೆ ಆಗ್ರಾ ರಸ್ತೆ. ಕಾಕಾ ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡಿದ್ದರು. ಹಾಗಾಗಿ ಹೋಟೆಲಿನ ಚರ್ಚೆ ಆಗಲಿಲ್ಲ. ಮಗಳು ಹಿಂದಿನ ಸೀಟಿನಲ್ಲಿ ಕೂತು ಗುಡ್ಡದ ಮೆಟ್ಟಿಲು ಎಣಿಸುತ್ತಿದ್ದಳು. ದಾರಿಯುದ್ದಕ್ಕೂ ಗುಡ್ಡಗಳಿಗೆ ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲು ಒಂದೊಂದು ಸಲ ಹರಿದ ಲಾವಾ. ಧುಳೆಯ ಸುತ್ತ ಮತ್ತೊಂದು ವಿಚಿತ್ರ ಕಾಣುತ್ತದೆ. ಬಯಲಿನಲ್ಲಿ ನೆಟ್ಟಗೆ, ಕಿಲೋಮೀಟರ್‌ಗಟ್ಟಲೆ ಉದ್ದಕ್ಕೆ ಓಡುವ ಸಣ್ಣ ಏಣುಗಳು. ಇವುಗಳ ಹೆಸರು ಡೈಕ್. ಲಾವಾ ಮೇಲೆ ಬರಲು ಬಳಸಿದ ಬಿರುಕುಗಳಲ್ಲೇ ಗಟ್ಟಿಯಾಗಿ ಕೂತ ಕಲ್ಲು, ಸುತ್ತಲಿನದು ಸವೆದ ಮೇಲೆ ಹೀಗೆ ಎದ್ದು ನಿಂತಿದೆ. ಕರಿಕಲ್ಲು ನೋಡಿ ನೋಡಿ ಬೇಜಾರಾಗಿದ್ದ ನಮಗೆ ಇಲ್ಲಿ ಗಾಡಿ ನಿಲ್ಲಿಸಲೇಬೇಕಾಯಿತು.

ತಾಪಿ ದಾಟಿ, ಸೇಂಧ್ವಾ ಘಾಟಿ ಹತ್ತಿಳಿದು, ಖಲಘಾಟ್‌ನಲ್ಲಿ ನರ್ಮದೆ ದಾಟಿದೆವು. ಮನಾವರ್ ಕಡೆ ತಿರುಗಿದ ಮೇಲೆ ನಾನು ರಸ್ತೆಗಿಂತ ರಸ್ತೆಯ ಬದಿಯ ಕಡಿತಗಳನ್ನೇ ನೋಡುತ್ತಿದ್ದೆ. ಕಪ್ಪು, ಕಪ್ಪು, ಕಪ್ಪು. ಆಮೇಲೆ ಒಂದು ಕಡೆ ಮಾಸಲು ಬಿಳಿ. ಕಾಕಾ ನನಗಿಂತ ಮೊದಲೇ ಕಂಡರು. “ನಿಲ್ಲಸು ನಿಲ್ಲಸು, ಕಲ್ಲು ಬದಲಾತು.”

ಅಲ್ಲಿನ ಕಥೆ ಸ್ಥೂಲವಾಗಿ ಹೀಗಿದೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಪ್ರಪಂಚದ ಸಮುದ್ರಗಳ ಮಟ್ಟ ಬಹಳ ಮೇಲಿತ್ತು. ಭಾರತ ಆಗ ಮಡಗಾಸ್ಕರ್‌ನಿಂದ ಬಿಡಿಸಿಕೊಳ್ಳುತ್ತಿದ್ದ ಕಾಲ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಆರು ಮೂಲೆಯ ಕಲ್ಲುಕಂಬಗಳಿವೆಯಲ್ಲ, ಅವು ಹುಟ್ಟಿದ್ದೂ ಆ ಬೇರ್ಪಡುವಿಕೆಯ ಗಲಾಟೆಯಲ್ಲೇ, ಹೆಚ್ಚುಕಡಿಮೆ ಆ ಕಾಲದಲ್ಲೇ. ಅಲ್ಲಿ ಬೆಂಕಿ ಉಗುಳುತ್ತಿದ್ದಾಗ ಇಲ್ಲಿ ನರ್ಮದೆಯ ತಗ್ಗಿನಲ್ಲಿ ಪಶ್ಚಿಮದಿಂದ ಸಮುದ್ರ ಒಳಗೆ ಬಂತು. ಆಳವಿಲ್ಲದ, ಬೆಚ್ಚಗಿನ, ಉದ್ದನೆಯ ಒಂದು ಕೊಲ್ಲಿ. ಆಮೇಲೆ ಹಿಂದೆ ಸರಿಯಿತು. ನೆಲ ಒಣಗಿದ ಮೇಲೆ ಡೈನೋಸಾರ್‌ಗಳು ಬಂದು ಮೊಟ್ಟೆಯಿಟ್ಟವು. ಕೊನೆಗೆ ಲಾವಾ ಹರಿದು ಎಲ್ಲವನ್ನೂ ಮುಚ್ಚಿತು.

ಈ ಪದರಗಳನ್ನು ಮೊದಲು ಬಿಡಿಸಿ ಹೆಸರಿಟ್ಟವರಲ್ಲಿ ಭೂವಿಜ್ಞಾನಿ ಪ್ರಮಥನಾಥ ಬೋಸ್ ಮುಖ್ಯರು. 1884ರಲ್ಲಿ ಅವರ ಕೆಳ ನರ್ಮದಾ ಕಣಿವೆಯ ವರದಿ ಬಂತು. ತಳದಲ್ಲಿ ನಿಮಾರ್ ಮರಳುಗಲ್ಲು, ಅದರ ಮೇಲೆ ಗಂಟುಗಂಟಾದ ಸುಣ್ಣದ ಕಲ್ಲು, ಮಧ್ಯೆ ಸ್ವಲ್ಪ ಜೇಡಿ ಬೆರೆತ ಪದರ, ಮೇಲೆ ಕೋರಲೈನ್, ಅಂದರೆ ಹವಳದಂಥ, ಸುಣ್ಣದ ಕಲ್ಲು. ಇದೇ ಬೋಸ್ ಆಮೇಲೆ ಮಯೂರ್‌ಭಂಜ್‌ನ ಕಬ್ಬಿಣದ ಅದಿರು ಕಂಡುಹಿಡಿದು, 1904ರಲ್ಲಿ ಜೆ.ಎನ್. ಟಾಟಾ ಅವರಿಗೆ ಪತ್ರ ಬರೆದರು. ಜಮಶೇದ್‌ಪುರದ ಕಾರ್ಖಾನೆಗೆ ಅದೇ ದಾರಿಯಾಯಿತು. ಕಬ್ಬಿಣದಿಂದಾಗಿ ಅವರನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಮಾತ್ರ ಇಪ್ಪತ್ತು ವರ್ಷ ಮೊದಲು ಈ ಬಿಸಿಲಿನಲ್ಲಿ ಪದರ ಅಳೆಯುತ್ತಿದ್ದ ಬೋಸ್ ಇಷ್ಟ. ಇಲ್ಲಿ ಸಿಕ್ಕ ಒಂದು ಅಮೊನೈಟ್‌ಗೆ, ಅಂದರೆ ಈಗ ಅಳಿದುಹೋದ ಸುರುಳಿ ಚಿಪ್ಪಿನ ಕಡಲಜೀವಿಗೆ, ನಾಮಾಡೊಸೆರಾಸ್ ಬೋಸೈ ಎಂದು ಅವರ ಹೆಸರಿದೆ.

ಬಾಗ್ ಗುಹೆಗಳನ್ನು ಕೊರೆದಿರುವುದು ತಳದ ಆ ಮರಳುಗಲ್ಲಿನಲ್ಲೇ. ಎಲ್ಲರೂ ಒಳಗೆ ಬೌದ್ಧ ಚಿತ್ರಗಳ ಕುರುಹು ನೋಡುತ್ತಿದ್ದರೆ, ಕಾಕಾ ಗೋಡೆಯ ಕಲ್ಲನ್ನೇ ನೋಡುತ್ತಾ ನಿಂತಿದ್ದರು. “ಭಾಳ ಮೆತ್ತಗ ಅದ. ಕಟ್ಟಡಕ್ಕ ಬರಂಗಿಲ್ಲ” ಅಂತ ಸರ್ಟಿಫಿಕೇಟ್ ಕೊಟ್ಟರು. ಅಜಂತಾ ಬಸಾಲ್ಟಿನಲ್ಲಿದೆ, ಬಾಗ್ ಮರಳುಗಲ್ಲಿನಲ್ಲಿದೆ. ಬಾಗ್ ಗುಹೆಗಳು ಜಾಸ್ತಿ ಹಾಳಾಗಲು ಕಲ್ಲಿನ ಗುಣವೂ ಒಂದು ಕಾರಣ.

ಚಿಪ್ಪು ಹುಡುಕಲು ಬೆಟ್ಟ ಅಗೆಯಬೇಕಿಲ್ಲ. ಸುತ್ತಿಗೆಯೂ ಬೇಡ. ಕಾಕಾ ತಂದ ಗೌಂಡಿ ಸುತ್ತಿಗೆ ಡಿಕ್ಕಿಯಲ್ಲೇ ಉಳಿಯಿತು. ಹೊಲದ ಬದುಗಳೇ ಸಾಕು. ಪ್ರತಿ ವರ್ಷ ನೇಗಿಲಿಗೆ ತಾಗುವ ಕಲ್ಲುಗಳನ್ನು ರೈತರು ಆರಿಸಿ ಬದುವಿಗೆ ಹಾಕುತ್ತಾರೆ. ತಲೆತಲಾಂತರದಿಂದ ಮಾಡುತ್ತಿದ್ದಾರೆ. ಅರ್ಧ ಕೆಲಸ ಅವರೇ ಮುಗಿಸಿಕೊಟ್ಟಂತಾಯಿತು. ಮಳೆಗಾಲ ಕಳೆದ ಮೇಲೆ ಹೋದರೆ ಕಲ್ಲು ತೊಳೆದು ಸ್ವಚ್ಛವಾಗಿರುತ್ತದೆ, ಬಿಸಿಲೂ ತಡೆಯುವಷ್ಟಿರುತ್ತದೆ. ಹತ್ತಿ ಬಿಡಿಸುತ್ತಿದ್ದ ಹೊಲದ ಯಜಮಾನರನ್ನು ಹಿಂದಿಯಲ್ಲಿ ಕೇಳಿದೆವು. ಹತ್ತಿ ತುಳಿಯಬೇಡಿ ಅನ್ನುವುದೊಂದೇ ಅವರ ಷರತ್ತು. ಕಲ್ಲು ಎಷ್ಟಾದರೂ ಒಯ್ಯಿರಿ, ಟ್ರ್ಯಾಕ್ಟರ್ ತಂದಿದ್ದರೆ ಇನ್ನೂ ಒಳ್ಳೆಯದಿತ್ತು ಎಂದು ನಕ್ಕರು.

ನಮ್ಮ ಸಾಮಾನೂ ಅಷ್ಟೇ ಸರಳ. ಒಂದು ಭೂತಗನ್ನಡಿ, ಹಳೆಯ ಟೂತ್‌ಬ್ರಷ್, ಹಳೇ ಪೇಪರ್, ಜಿಪ್ ಕವರ್, ಮಾರ್ಕರ್ ಪೆನ್ನು, ಪುಟ್ಟ ಬಾಟಲಿಯಲ್ಲಿ ವಿನೆಗರ್. ಅನುಮಾನ ಬಂದ ಕಲ್ಲಿನ ಮೇಲೆ ಒಂದು ಹನಿ ಬಿಟ್ಟರೆ ಸುಣ್ಣದ ಕಲ್ಲು ಸಣ್ಣಗೆ ನೊರೆಯಾಡುತ್ತದೆ, ಬಸಾಲ್ಟ್ ಸುಮ್ನೆ ಇರುತ್ತದೆ. ಮಗಳು ಈ ಕೆಲಸ ವಹಿಸಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ವಿನೆಗರ್ ಖಾಲಿ.

ಮೊದಲು ಸಿಕ್ಕಿದ್ದು ಆಯ್‌ಸ್ಟರ್. ಕುಮಟಾ ಕಡೆ ಕಲ್ವ ಅನ್ನುತ್ತಾರಲ್ಲ, ಅದೇ ಕುಲದ್ದು. ದಪ್ಪ, ಒರಟು, ಪದರ ಪದರವಾದ ಚಿಪ್ಪು. ನೋಡಲು ಅಂಥ ಅಂದವೇನಿಲ್ಲ. ಆದರೆ ಅದು ನಕಲಲ್ಲ, ಅಚ್ಚಲ್ಲ, ಆ ಪ್ರಾಣಿ ಕಟ್ಟಿದ ಚಿಪ್ಪೇ. 9 ಕೋಟಿ ವರ್ಷ ಹೇಗೆ ಉಳಿಯಿತು? ಇದಕ್ಕೆ ಉತ್ತರ ಚಿಪ್ಪಿನ ಕೆಮಿಸ್ಟ್ರಿಯಲ್ಲಿದೆ. ಚಿಪ್ಪು ಕಟ್ಟುವ ಬಹುತೇಕ ಪ್ರಾಣಿಗಳು ಬಳಸುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿ ಎರಡು ಜಾತಿ, ಕ್ಯಾಲ್ಸೈಟ್ ಮತ್ತು ಅರಗೊನೈಟ್. ಸಾಮಾನು ಒಂದೇ, ಒಳಗಿನ ಜೋಡಣೆ ಬೇರೆ. ಕ್ಯಾಲ್ಸೈಟ್ ಗಟ್ಟಿಮುಟ್ಟು. ಅರಗೊನೈಟ್ ಕಾಲ ಕಳೆದಂತೆ ನೀರಿನಲ್ಲಿ ಕರಗಿಹೋಗುತ್ತದೆ, ಇಲ್ಲವೇ ಕ್ಯಾಲ್ಸೈಟಾಗಿ ಬದಲಾಗುತ್ತದೆ. ಆಯ್‌ಸ್ಟರ್ ಬಳಸುವುದು ಹೆಚ್ಚಾಗಿ ಕ್ಯಾಲ್ಸೈಟ್. ಬಸವನಹುಳು, ಬಹಳಷ್ಟು ಕಪ್ಪೆಚಿಪ್ಪು, ಅಮೊನೈಟ್ ಎಲ್ಲ ಅರಗೊನೈಟ್ ಪಾರ್ಟಿ. ಆದ್ದರಿಂದ ಬದುವಿನ ಮೇಲೆ ಆಯ್‌ಸ್ಟರ್ ರಾಶಿ ಕಂಡರೆ ಆ ಸಮುದ್ರದಲ್ಲಿ ಆಯ್‌ಸ್ಟರ್ ಮಾತ್ರ ಇತ್ತು ಅಂದುಕೊಳ್ಳಬಾರದು. ಬೇರೆಯವರೂ ಇದ್ದರು. ಅವರ ಮನೆ ಕರಗಿಹೋಗಿದೆ, ಒಳಗೆ ತುಂಬಿದ್ದ ಕೆಸರಿನ ಅಚ್ಚು ಮಾತ್ರ ಅಲ್ಲಲ್ಲಿ ಉಳಿದಿದೆ.

ಇದು ತಿಳಿದ ಮೇಲೆ ನೋಡುವ ರೀತಿಯೇ ಬದಲಾಗುತ್ತದೆ. ಶಹಾಬಾದಿನಲ್ಲಿ ಸಮುದ್ರವಿದ್ದೂ ಚಿಪ್ಪಿರಲಿಲ್ಲ. ಇಲ್ಲಿ ಚಿಪ್ಪಿದ್ದೂ ಕೆಲವೇ ಉಳಿದವು. ಕೈಯಲ್ಲಿರುವ ಕಲ್ಲಿಗಿಂತ ಇಲ್ಲದಿರುವುದರ ಲೆಕ್ಕವೇ ನನಗೆ ದೊಡ್ಡದಾಗಿ ಕಾಣತೊಡಗಿತು.

ಕೋರಲೈನ್ ಸುಣ್ಣದ ಕಲ್ಲು ಸಿಕ್ಕಿದ್ದು ಇನ್ನೊಂದು ಕಡೆ, ಸ್ವಲ್ಪ ಎತ್ತರದಲ್ಲಿ. ಹಳದಿ ಬೆರೆತ ಗುಲಾಬಿ ಕಲ್ಲು. ದೂರದಿಂದ ಏನೂ ಇಲ್ಲ. ಹತ್ತಿರ ಬಂದು ಭೂತಗನ್ನಡಿ ಹಿಡಿದರೆ ಕಲ್ಲಿನ ತುಂಬ ಮುರಿದ ಶಾವಿಗೆ ಚೆಲ್ಲಿದಂತೆ ಸಣ್ಣ ಸಣ್ಣ ಕಡ್ಡಿಗಳು. ಕಡ್ಡಿಯ ಮೈಮೇಲೆ ಸಾಲಾಗಿ ಸೂಜಿಮೊನೆಯಷ್ಟು ತೂತುಗಳು. ಇವು ಹವಳವಲ್ಲ, ಹೆಚ್ಚಿನವು ಬ್ರಯೋಜೋವಾ. ಒಂದೊಂದು ತೂತು ಒಂದೊಂದು ಪ್ರಾಣಿಯ ಕೋಣೆ. ನೂರಾರು ಪ್ರಾಣಿಗಳು ಸೇರಿ ಒಂದು ರೆಂಬೆ ಕಟ್ಟುತ್ತವೆ. ಬ್ರಯೋಜೋವಾ ಇವತ್ತಿಗೂ ಇವೆ. ಹಡಗಿನ ತಳಕ್ಕೆ, ದಕ್ಕೆಯ ಕಂಬಕ್ಕೆ ಅಂಟಿಕೊಂಡು ಬೆಳೆಯುತ್ತವೆ. ಯಾರೂ ಗಮನಿಸುವುದಿಲ್ಲ. ಇಲ್ಲಿ ಮಾತ್ರ ಅವುಗಳ ಚೂರಿನಿಂದಲೇ ಇಡೀ ಪದರ ಕಟ್ಟಿದೆ. ಕಾಕಾ ಭೂತಗನ್ನಡಿ ಇಸಿದುಕೊಂಡವರು ವಾಪಸ್ ಕೊಡಲೇ ಇಲ್ಲ. ಬಿಸಿಲಿಗೆ ಟವೆಲ್ ಹೊದ್ದುಕೊಂಡು ಒಂದೇ ಕಲ್ಲಿನ ಮುಂದೆ ಕೂತುಬಿಟ್ಟರು. ನನ್ನ ಕೇಳಿದರೆ ಇಡೀ ಪ್ರವಾಸದಲ್ಲಿ ನೋಡಲೇಬೇಕಾದ್ದು ಇದೇ. ಫೋಟೊದಲ್ಲಿ ಮಾತ್ರ ಏನೂ ಬರುವುದಿಲ್ಲ.

ಮಗಳಿಗೆ ಸಿಕ್ಕಿದ್ದು ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಒಂದು ತುಂಡು. “ಅಜ್ಜಾ, ಹೇ ಬಘಾ, ಇದು ಮಿಂಚ್ತದ!” ಎಂದು ಓಡಿಬಂದಳು. ಪುಣೆಯ ಮಕ್ಕಳ ಕನ್ನಡ ಹೀಗೆಯೇ, ತಿದ್ದಲು ಹೋಗುವುದಿಲ್ಲ. ಅವಳು ಕಂಡ ಮಿಂಚು ಸರಿಯಾದ ಗುರುತು. ಸೀ ಅರ್ಚಿನ್ ಮೈಯ ಪ್ರತಿಯೊಂದು ಬಿಲ್ಲೆಯೂ ಕ್ಯಾಲ್ಸೈಟ್‌ನ ಒಂದೇ ಹರಳಾಗಿ ವರ್ತಿಸುತ್ತದೆ. ಮುರಿದ ಕಡೆ ಚಪ್ಪಟೆ ಮುಖ ಬಂದು ಬಿಸಿಲಿಗೆ ಫಳ್ ಎನ್ನುತ್ತದೆ. ಸುತ್ತಲಿನ ಮಂಕು ಕಲ್ಲಿನಲ್ಲಿ ಹುಡುಕಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಬಾಗ್‌ನಲ್ಲಿ ಹೆಮಿಯಾಸ್ಟರ್ ಎಂಬ ಹೃದಯದಾಕಾರದ ಅರ್ಚಿನ್ ಪ್ರಸಿದ್ಧ. ಬೆನ್ನಿನ ಮೇಲೆ ಐದು ಎಸಳಿನ ಗುರುತಿರುತ್ತದೆ. ಮರಳು, ಕೆಸರಿನೊಳಗೆ ಹುದುಗಿ ಬದುಕುವ ಜಾತಿ. ನಮ್ಮ ತುಂಡಿನಲ್ಲಿ ಎರಡು ಎಸಳಿತ್ತು.

ಈ ಅರ್ಚಿನ್‌ಗಳ ಮೇಲೆ 19ನೇ ಶತಮಾನದಲ್ಲಿ ದೊಡ್ಡ ವಿಚಾರವೇ ನಡೆದಿದೆ. ಮಾರ್ಟಿನ್ ಡಂಕನ್ ಎಂಬವರು 1865ರಲ್ಲಿ ಬಾಗ್‌ನ ಅರ್ಚಿನ್‌ಗಳನ್ನು ಪರೀಕ್ಷಿಸಿದರು. ಅವು ಅರೇಬಿಯಾ, ಯುರೋಪಿನವುಗಳ ನೆಂಟರು ಅನ್ನಿಸಿತು. ಇದೇ ದೇಶದ ತಿರುಚಿನಾಪಳ್ಳಿಯ ಕಡೆಯವುಗಳ ಜೊತೆ ಅಂಥ ನೆಂಟಸ್ತನ ಕಾಣಲಿಲ್ಲ. ಹಾಗಾದರೆ ಪಶ್ಚಿಮದ ಈ ಕೊಲ್ಲಿಗೂ ಪೂರ್ವದ ಆ ಕಡಲಿಗೂ ನಡುವೆ ನೆಲ ಅಡ್ಡವಿತ್ತು ಎಂದು ಅಂದಿನವರು ತರ್ಕಿಸಿದರು. ಅಂಗೈಯಲ್ಲಿ ಹಿಡಿಯುವ ಜೀವಿಯಿಂದ ಒಂದು ಇಡೀ ಭೂಖಂಡದ ನಕ್ಷೆ. ಆದರೆ ಈ ತರ್ಕ ನಿಲ್ಲಬೇಕಾದರೆ ಒಂದು ಮಾತು ಖಾತ್ರಿಯಿರಬೇಕು. ಯಾವ ಅರ್ಚಿನ್ ಎಲ್ಲಿಂದ, ಯಾವ ಪದರದಿಂದ ಬಂತು ಅನ್ನುವುದು. ಡಬ್ಬಿಯಲ್ಲಿ ಎಲ್ಲ ಕಲೆಸಿಬಿಟ್ಟಿದ್ದರೆ ಡಂಕನ್‌ಗೂ ಏನೂ ಹೇಳಲಾಗುತ್ತಿರಲಿಲ್ಲ.

ನಾವು ಅಲ್ಲಿಂದಲೇ ಶಿಸ್ತು ಕಲಿತೆವು ಅನ್ನಿ. ಕಲ್ಲು ಎತ್ತುವ ಮೊದಲು ಫೋಟೊ, ಫೋನಿನಲ್ಲಿ ಜಾಗದ ಗುರುತು, ಕವರಿನೊಳಗೆ ಒಂದು ಚೀಟಿ. ಬದುವಿನ ಕಲ್ಲಾದರೆ ‘ಬದುವಿನದ್ದು, ಪದರ ಖಚಿತವಿಲ್ಲ’ ಎಂದೂ ಬರೆದೆವು. ಈ ಕೊನೆಯ ಸಾಲು ಕಾಕಾನ ಸೇರಿಕೆ. ಸರಕಾರಿ ಮೆಜರ್‌ಮೆಂಟ್ ಬುಕ್ ಬರೆದ ಕೈ ಅದು. ನೋಡದ್ದನ್ನು ಬರೆಯುವುದಿಲ್ಲ.

ಅಮೊನೈಟ್ ಸಿಕ್ಕಿತಾ ಅಂತ ಎಲ್ಲರೂ ಕೇಳುತ್ತಾರೆ. ಸಿಕ್ಕಿತು, ತರಲಿಲ್ಲ. ಹಳ್ಳದ ಪಕ್ಕ, ಗಂಟುಗಂಟಾದ ಸುಣ್ಣದ ಕಲ್ಲಿನ ಒಂದು ದೊಡ್ಡ ಬಂಡೆಯ ಮೇಲೆ ಅರೆಸುರುಳಿಯ ಅಚ್ಚಿತ್ತು. ಸುತ್ತಲೂ ಸಿಗಡಿ ಜಾತಿಯ ಪ್ರಾಣಿಗಳು ತೋಡಿದ ಬಿಲಗಳ ಗುರುತು ಕವಲೊಡೆದಿತ್ತು. ಬಂಡೆ ಎತ್ತುವಂಥದ್ದಲ್ಲ, ಒಡೆಯುವ ಮನಸ್ಸೂ ಯಾರಿಗೂ ಬರಲಿಲ್ಲ. ಕಾಕಾ ಮಾತ್ರ ಚಪ್ಪಲಿ ಬಿಟ್ಟು ಹತ್ತಿರ ಹೋದರು.

ಕಾರಣವಿದೆ. ನಮ್ಮದು ಸಾಲಿಗ್ರಾಮವಿರುವ ಮನೆ. ನೇಪಾಳದ ಕಾಳಿ ಗಂಡಕಿಯಲ್ಲಿ ಸಿಗುವ ಚಕ್ರವಿರುವ ಸಾಲಿಗ್ರಾಮಗಳೂ ಅಮೊನೈಟ್‌ಗಳೇ. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಜುರಾಸಿಕ್ ಕಾಲದ ಸಮುದ್ರದವು. ಬಾಗ್‌ನ ಕಡಲಿಗಿಂತ ಎಷ್ಟೋ ಕೋಟಿ ವರ್ಷ ಹಳೆಯವು. ಕಾಕಾಗೆ ಇದು ಹೊಸ ವಿಷಯವಲ್ಲ, ಗೊತ್ತಿದ್ದೇ ಪೂಜೆ ಮಾಡುತ್ತಾರೆ. ಹಾಗಾದರೆ ಇದೂ ಸಾಲಿಗ್ರಾಮವೇ ಎಂದು ಮಗಳು ಕೇಳಿದಳು. ಕಾಕಾ ತಲೆಯಾಡಿಸಿದರು. “ಇಲ್ಲವ್ವಾ. ಚಕ್ರ ಇದ್ರ ಸಾಲಂಗಿಲ್ಲ. ಗಂಡಕಿಯಿಂದ ಬಂದಿರಬೇಕು. ಎಲ್ಲಿಂದ ಬಂತು ಅನ್ನೋದು ಬಿಟ್ರ ಅದು ಬರೇ ಕಲ್ಲು.”

ನಾನು ಸುಮ್ಮನೆ ಕವರಿನ ಮೇಲೆ ಊರಿನ ಹೆಸರು ಬರೆದುಕೊಂಡೆ. ಭೂವಿಜ್ಞಾನದ ಯಾವ ಮೇಷ್ಟ್ರೂ ಇದನ್ನು ಇದಕ್ಕಿಂತ ಚೆನ್ನಾಗಿ ಹೇಳಲಾರರು. ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದು ಅನ್ನುವ ಹಳೆಯ ನಿಯಮವನ್ನೂ ಪಳೆಯುಳಿಕೆ ಮಾರುವವರಿಗೆ ಕೇಳಿಸಬೇಕು ಅನ್ನಿಸುತ್ತದೆ. ಮಾರಾಟಕ್ಕೆ ಬಂದ ಕಲ್ಲಿಗೆ ಊರಿರುವುದಿಲ್ಲ. ಇದ್ದರೂ ನಂಬುವ ಹಾಗಿರುವುದಿಲ್ಲ.

ಕಾನೂನಿನ ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಬಾಗ್ ಹತ್ತಿರ ಡೈನೋಸಾರ್ ಪಳೆಯುಳಿಕೆಗಳ ರಾಷ್ಟ್ರೀಯ ಉದ್ಯಾನವಿದೆ. ಅದರೊಳಗಿಂದ ಒಂದು ಚೂರೂ ಎತ್ತುವಂತಿಲ್ಲ. ಉದ್ಯಾನದ ಹೊರಗೂ ನಾವು ಹೊಲದವರ ಒಪ್ಪಿಗೆ ಕೇಳಿ, ಸಡಿಲಾಗಿ ಬಿದ್ದ, ಎಲ್ಲೆಡೆ ಸಿಗುವಂಥ ನಾಲ್ಕಾರು ತುಂಡು ಮಾತ್ರ ತಂದೆವು. ಮೂಳೆ, ಹಲ್ಲು, ಮೊಟ್ಟೆ ಅಂತ ಏನಾದರೂ ಅನುಮಾನ ಬಂದರೆ ಮುಟ್ಟದೆ ಬಿಡುವು‍ದು. ಇಂಥ ಜಾಗಗಳ ರಕ್ಷಣೆಗೆಂದು ಕೇಂದ್ರದ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಒಂದು ಕರಡು ಮಸೂದೆ ಹೊರಡಿಸಿತ್ತು. ರಸ್ತೆ, ಕ್ವಾರಿ, ಸಿಮೆಂಟು ಎಲ್ಲವೂ ಬೇಕು ಅನ್ನುವ ಕಾಲದಲ್ಲಿ ಅದು ಬೇಗ ಬಂದಷ್ಟೂ ಒಳ್ಳೆಯದು.

ಡೈನೋಸಾರ್ ಅಂದಮೇಲೆ ಒಂದು ತಕರಾರು. ಧಾರ್ ಜಿಲ್ಲೆಗೆ ಬರುವವರೆಲ್ಲ ಕೇಳುವುದು ಮೊಟ್ಟೆಯನ್ನೇ. ತಪ್ಪೇನಿಲ್ಲ. 2023ರ ಜನವರಿಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾಗ್, ಕುಕ್ಷಿ ಸುತ್ತಮುತ್ತ 92 ಗೂಡುಗಳು, 256 ಮೊಟ್ಟೆಗಳ ಲೆಕ್ಕವಿದೆ. ಉದ್ದ ಕತ್ತಿನ ಟೈಟನೋಸಾರ್‌ಗಳವು. ಅದೇ ವರ್ಷ ಪಾಡಲ್ಯಾ ಗ್ರಾಮದವರು ಕಾಕಡ್ ಭೈರವ ಎಂದು ಪೂಜಿಸುತ್ತಿದ್ದ ದುಂಡುಕಲ್ಲುಗಳೂ ಮೊಟ್ಟೆಗಳೇ ಎಂದು ಸುದ್ದಿಯಾಯಿತು. ಇಷ್ಟೆಲ್ಲ ಸಂಭ್ರಮದಲ್ಲಿ ಕೆಳಗಿನ ಪದರದ ಆಯ್‌ಸ್ಟರ್‌ಗಳನ್ನು ಕೇಳುವವರಿಲ್ಲ. ಬೆನ್ನುಮೂಳೆ ಇಲ್ಲದವರ ಗತಿ ಎಲ್ಲ ಕಡೆ ಇಷ್ಟೇ ಏನೋ.

ವಾಪಸ್ ಬರುವಾಗ ಕಾಕಾನ ತಲೆಯಲ್ಲಿ ಹೊಸ ಹುಳ. ಅಲ್ಲಿ ಲಾವಾದ ಕೆಳಗೆ ಸಮುದ್ರ ಅದ ಅಂದಮೇಲೆ ಪುಣೆಯ ಮನೆಯ ಕೆಳಗೂ ಇರಬೇಕಲ್ಲ? ಕೊರೆದರೆ ಸಿಗಬೇಕಲ್ಲ? ಒಳ್ಳೆಯ ತರ್ಕ, ಆದರೆ ಕೊರೆದು ನೋಡಿಯಾಗಿದೆ. ಪುಣೆಯಲ್ಲಲ್ಲ, ದಕ್ಷಿಣದ ಕೊಯ್ನಾದಲ್ಲಿ. ಭೂಕಂಪದ ಅಧ್ಯಯನಕ್ಕೆಂದು ತೋಡಿದ ಆಳದ ಬಾವಿಗಳಲ್ಲಿ ಒಂದರಲ್ಲಿ ಸುಮಾರು 930 ಮೀಟರ್ ಲಾವಾ. ಅದು ಮುಗಿದ ಕೂಡಲೇ ಗ್ರಾನೈಟ್ ಜಾತಿಯ ಪುರಾತನ ಕಲ್ಲು. ನಡುವೆ ಸಮುದ್ರವಿಲ್ಲ. ನರ್ಮದೆಯ ತಗ್ಗಿಗೆ ಬಂದ ನೀರು ಇಲ್ಲಿಯವರೆಗೆ ಬಂದ ಗುರುತು ಆ ಬಾವಿಯಲ್ಲಿ ಕಾಣುವುದಿಲ್ಲ. ಕಾಕಾ ಸಂಗಮನೇರ್ ದಾಟುವ ತನಕ ಮಾತಾಡಲಿಲ್ಲ. ಆಮೇಲೆ, “ಕೊರದು ನೋಡ್ಯಾರಲ್ಲ, ಅದು ಛಲೋ ಆತು” ಅಂದರು.

ಮನೆಗೆ ಬಂದ ಮೇಲೆ ತೊಳೆಯುವ ಕೆಲಸ. ಬರೀ ನೀರು, ಟೂತ್‌ಬ್ರಷ್. ವಿನೆಗರ್‌ನಲ್ಲಿ ನೆನೆಸಬೇಡಿ, ಕಲ್ಲಿನ ಜೊತೆ ಚಿಪ್ಪೂ ಕರಗುತ್ತದೆ. ಪರಿಚಯದ ಭೂವಿಜ್ಞಾನದ ಮೇಷ್ಟ್ರೊಬ್ಬರು ಬಂದು ನೋಡಿದರು. ಆಯ್‌ಸ್ಟರ್‌ಗಳನ್ನು ಸರಿಸಿದರು, ಅರ್ಚಿನ್ ತುಂಡನ್ನು ಬೆಳಕಿಗೆ ಹಿಡಿದರು, ಚೀಟಿ ಓದಿದರು. ಬ್ರಯೋಜೋವಾ ಕಲ್ಲಿನ ಒಂದು ತುಂಡನ್ನು ಕ್ಲಾಸಿನಲ್ಲಿ ತೋರಿಸಲು ಕೇಳಿದರು. ಅದನ್ನು ತೆಳ್ಳಗೆ ಸೀಳಿ, ಉಜ್ಜಿ, ಮೈಕ್ರೋಸ್ಕೋಪಿನಡಿ ಇಡುತ್ತಾರಂತೆ. ನೋಡಲು ಕಾಕಾನನ್ನೂ ಕರೆದಿದ್ದಾರೆ.

ಮುಂದಿನ ಚಳಿಗಾಲಕ್ಕೆ ಕಛ್ ಎಂದು ಈಗ ಮನೆಯಲ್ಲಿ ತೀರ್ಮಾನವಾಗಿದೆ. ಮೊಣಕಾಲಿನ ಮಾತು ಯಾರೂ ಎತ್ತುತ್ತಿಲ್ಲ. ಭುಜ್ ಸುತ್ತ ಧೋಸಾ ಊಲೈಟ್ ಎಂಬ ಪದರವಿದೆ, ಸುಮಾರು 16 ಕೋಟಿ ವರ್ಷ ಹಳೆಯದು, ಅಮೊನೈಟ್‌ಗೆ ಹೆಸರುವಾಸಿ. ಅಲ್ಲಿನ ಅಮೊನೈಟ್‌ಗಳ ಬಗ್ಗೆ ವಾಗೆನ್ ಎಂಬ ಭೂವಿಜ್ಞಾನಿ 1870ರ ದಶಕದಲ್ಲೇ ದಪ್ಪ ಗ್ರಂಥ ಬರೆದಿದ್ದಾರೆ. ಅದರ ಚಿತ್ರಗಳ ಪ್ರಿಂಟ್ ತೆಗೆಸಿಕೊಂಡು ಬಾ ಎಂದು ಕಾಕಾ ನನಗೆ ಕೆಲಸ ಹಚ್ಚಿದ್ದಾರೆ. ವಿನೆಗರ್ ಈ ಸಲ ದೊಡ್ಡ ಬಾಟಲಿ.